ಮನೆ ಈ ಬದಿಗೆ

ಡಿಸೆಂಬರ್ ೪, ಗುರುವಾರ

ತಾರ್ಲೆ ಮೀನು ಒಣಗಲಿಲ್ಲ. ಬೆಳಗಿನಿಂದ ಮೋಡ. ಅಂಗಳಕ್ಕೆ ಹಾಸಿದ ಬಲೆ ಎರಡು ಸಲ ಒಳಗೆ ಎಳೆದೆ, ಎರಡು ಸಲ ಹೊರಗೆ ಹಾಸಿದೆ. ಕಾಗೆ ಕಾಯಲಿ ಎಂದು ಆಯಿಯನ್ನು, ನನ್ನ ಹೆತ್ತವಳನ್ನು, ಕೂರಿಸಿದರೆ ಅವಳೇ ಕಾಗೆಗಳನ್ನು ಕರೆದು ಹಾಕುತ್ತಾಳೆ. ಕೇಳಿದರೆ — "ಅವ್ಕೂ ಹೊಟ್ಟೆ ಅದ್ಯಲ್ಲೆ."

ಸಂಜೆ ದೀಪ ಹಚ್ಚಿದ ಮೇಲೆ ಎಂದಿನಂತೆ ಎರಡು ಬಟ್ಟಲಿಗೆ ಗಂಜಿ ಬಡಿಸಿದಳು. ಒಂದು ಅವಳದು. ಇನ್ನೊಂದು ಹುಲಿಯಾನದು, ನನ್ನ ತಮ್ಮನದು. ಅಂಚು ಚಪ್ಪಟೆಯಾದ ಆ ಅಲ್ಯುಮಿನಿಯಂ ಬಟ್ಟಲು. ಬೆಳಿಗ್ಗೆ ಅದರಲ್ಲಿನ ಗಂಜಿ ಬೆಕ್ಕಿಗೆ. ಪೇಟೆಯಲ್ಲಿ ಏನು ತರಬೇಕೆಂಬುದು ಮರೆಯುತ್ತಾಳೆ. ನನ್ನ ಗಂಡ ತೀರಿಹೋದದ್ದು ಮರೆತು "ಅಂವ ಇನ್ನೂ ಬಂದಿಲ್ವಾ" ಎನ್ನುತ್ತಾಳೆ. ಈ ಬಟ್ಟಲು ಮಾತ್ರ ಒಂದು ದಿನವೂ ಮರೆತವಳಲ್ಲ.

ಮಗಳು ಪ್ರಗತಿ ಆಫೀಸಿನಿಂದ ಬಂದವಳೇ ಕೊರಳಿಗೆ ಹಾಕುವ ಪಾಸು ತೋರಿಸಿದಳು. ಈ ತಿಂಗಳ ಕೊನೆಗೆ ಕಾರವಾರದ ಬೀಚಿನಲ್ಲಿ ಉತ್ಸವವಂತೆ, ಅದರಲ್ಲಿ ಇವಳ ಬ್ಯಾಂಡು. ದೊಡ್ಡ ಸ್ಟೇಜು. "ಅಮ್ಮಾ, ನೀನು ಬರ್ಲೇಬೇಕು. ಇಷ್ಟ್ ವರ್ಷದಲ್ಲಿ ಒಂದ್ಸಲಾನೂ ನೋಡ್ಲಿಲ್ಲ ನೀನು."

ನೋಡಿಲ್ಲ, ನಿಜ. ಕೇಳಿದ್ದೇನೆ. ಕೋಡಿಬಾಗದಲ್ಲಿ ಮುಚ್ಚಿದ ಐಸ್ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ ಇವರ ಪ್ರಾಕ್ಟೀಸು. ಅಲ್ಲಿ ಡ್ರಮ್ಮು ಬಾರಿಸಿದರೆ ಇಲ್ಲಿ ನನ್ನ ಕಪಾಟಿನ ಗ್ಲಾಸುಗಳು ಅಲುಗುತ್ತವೆ.


ಡಿಸೆಂಬರ್ ೫

ಪುಟದ ಮೇಲ್ಗಡೆ 'ಕ್ಷೇಮ' ಎಂದು ಬರೆದು ಹೊಡೆದು ಹಾಕಿದೆ. ಕೈಯ ಅಭ್ಯಾಸ. ಶಾಲೆ ನೋಡಿದವಳಲ್ಲ ನಾನು. ಮೀನು ಕಟ್ಟುವ ಪೇಪರಿನ ಮೇಲೆ ಅಕ್ಷರ ಕಲಿತೆ. ಆಮೇಲೆ ಕೇರಿಯ ಹೆಂಗಸರ ಕಾಗದವೆಲ್ಲ ನನ್ನ ಕೈಯಲ್ಲೇ. ರತ್ನಾಗಿರಿಯ ತಂಗಿ ಅಮಿತಾಳಿಗೆ ವಾರಕ್ಕೊಂದು ಬರೆಯುತ್ತಿದ್ದೆ. ಈಗ ಅವಳು ವಿಡಿಯೋ ಕಾಲ್ ಮಾಡಿ ಹಣೆ ಮಾತ್ರ ತೋರಿಸುತ್ತಾಳೆ. ಯಾರಿಗೂ ಕಾಗದ ಬೇಡ. ಹಾಗಾಗಿ ಇಲ್ಲಿ.

ಬ್ಯಾಂಡಿನ ಹೆಸರು 'ಬೆಳಚು'. ನಾವು ಕಾಳಿ ನದಿಯ ಕೆಸರಲ್ಲಿ ಹೆಕ್ಕಿ ಸಾರು ಮಾಡುವ ಚಿಪ್ಪು ಅದು. ಆಯಿಗೆ ಹೇಳಿದಾಗ — "ತಿಂಬೂ ವಸ್ತು ಹೆಸ್ರು ಇಟ್ಕಂಡ್ರೆ ಕೇಳೂವರ ಹೊಟ್ಟೆ ತುಂಬ್ತದೆ ಅಂದ್ಕಂಡ್ಯಾರ?" ಮೂವರೇ ಅದರಲ್ಲಿ. ಹಾಡಲು ನನ್ನ ಮಗಳು, ಡ್ರಮ್ಮಿಗೆ ಪಕ್ಕದ ಕೇರಿಯ ರೋಷನ, ಗಿಟಾರಿಗೆ ಸುಮಿತ. ಸುಮಿತ ಬಾರಿಸುವಾಗ ಹಲ್ಲುನೋವು ಬಂದವನ ಹಾಗೆ ಮುಖ ಮಾಡುತ್ತಾನೆ. ಒಳ್ಳೆಯ ಹುಡುಗ. ಬಂದರೆ ಚಪ್ಪಲಿ ಬಿಟ್ಟೇ ಒಳಗೆ ಬರುತ್ತಾನೆ.


ಡಿಸೆಂಬರ್ ೯, ರಾತ್ರಿ ಊಟದ ಮೊದಲು

ಇವತ್ತು ಅಕ್ಷರ ಸೊಟ್ಟ.

ಪ್ರಗತಿ ಹೊಸ ಹಾಡು ಕೇಳಿಸಿದಳು. ಇಯರ್‌ಫೋನ್ ಕಿವಿಗೆ ಸಿಕ್ಕಿಸಿ "ಕಣ್ಣ್ ಮುಚ್ಚಿ ಕೇಳು" ಎಂದಳು. ಮೊದಲು ಅಲೆಯ ಸದ್ದು. ಆಮೇಲೆ ಗಿಟಾರು. ಆಮೇಲೆ ಇವಳ ಸ್ವರ —

ಓ ಹುಲಿಯಾ... ಮನೆ ಈ ಬದಿಗೆ... ದೀಪ ಈ ಬದಿಗೆ... ಗಂಜಿ ತಣೀತು, ಬಾ...

ಕಿವಿಯಿಂದ ಕಿತ್ತು ತೆಗೆದೆ.

"ಚೆನ್ನಾಗಿಲ್ವಾ?"

"ಯಾರು ಹೇಳಿಕೊಟ್ರು?"

"ಅಜ್ಜಿ. ಹೋದ ವರ್ಷ ಫೋನಲ್ಲಿ ರೆಕಾರ್ಡ್ ಮಾಡ್ಕಂಡಿದ್ದೆ. ಯಾಕಮ್ಮ?"

ಅನ್ನಕ್ಕೆ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಅದು ಹಾಡಲ್ಲ. ಅದು ಕರೆ. ನಮ್ಮ ಹಳೆಯ ಅಮದಳ್ಳಿ ದಂಡೆಯ ಕೇರಿಯಲ್ಲಿ ಹೋದ ದೋಣಿ ಹೊತ್ತಿಗೆ ಬರದಿದ್ದರೆ, ಹೆತ್ತವಳು ನೀರಿನ ಅಂಚಿಗೆ ಹೋಗಿ ನಿಂತು ಮಗನ ಹೆಸರು ಹಿಡಿದು ಹೀಗೆ ಕರೆಯಬೇಕು. ಹೆತ್ತವಳು ಮಾತ್ರ. ಬೇರೆಯವರ ಬಾಯಲ್ಲಿ ಅದು ಬರಕೂಡದು. ಬಂದರೆ ಬರುವವನಿಗೆ ದಿಕ್ಕು ತಪ್ಪುತ್ತದೆ ಎನ್ನುತ್ತಿದ್ದರು. ಹೆಣ ಸಿಗದಿದ್ದರೆ ಹನ್ನೆರಡನೇ ದಿನ ಅವಳೇ ಕರೆ ಮುಗಿಸಬೇಕು. ಕಡಲಿಗೆ ಬೆನ್ನು ಹಾಕಿ, ಗಂಜಿ ಮರಳಿಗೆ ಸುರಿದು, "ಗಂಜಿ ಉಣ್ಣು, ನಿನ್ನ ಮನೆ ಇನ್ನು ಆ ಬದಿಗೆ" ಎಂದು ಹೇಳಿ, ತಿರುಗಿ ನೋಡದೆ ನಡೆದುಬಿಡಬೇಕು. ಮುಗಿಸಿದ ಮೇಲೆ ಆ ಹೆಸರನ್ನು ಕಡಲ ಕಡೆಗೆ ಯಾರೂ ಕೂಗಬಾರದು.

ಹುಲಿಯಾ ನನ್ನ ಕಿರಿಯ ತಮ್ಮ. ನನ್ನ ಮದುವೆಯ ಮರುವರ್ಷ ದೋಣಿ ಮಗುಚಿತು. ಜೊತೆಗಿದ್ದ ನಡುವಿನ ತಮ್ಮ ದೇವಿದಾಸ ಈಜಿ ಬಂದ. ಹುಲಿಯಾ ಬರಲಿಲ್ಲ.

ಆಯಿ ಕರೆದಳು. ಹನ್ನೆರಡನೇ ದಿನ ಹೆಂಗಸರೆಲ್ಲ ಸೇರಿ ಗಂಜಿ ಕೈಗೆ ಕೊಟ್ಟರು. ಸುರಿಯಲಿಲ್ಲ. ಬಟ್ಟಲು ಹಿಡಿದು ಮನೆಗೆ ನಡೆದಳು, ಅವನ ಮಣೆಯ ಮುಂದೆ ಇಟ್ಟಳು. ಅಂದಿನಿಂದ ಅದೇ ಬಟ್ಟಲು. ಕರೆ ಮುಗಿದಿಲ್ಲ. ತಿಥಿ ಇಲ್ಲ, ಪಿಂಡ ಇಲ್ಲ. ಸತ್ತವನೂ ಅಲ್ಲ, ಇದ್ದವನೂ ಅಲ್ಲ.


ಡಿಸೆಂಬರ್ ೧೦

ಬೆಳಿಗ್ಗೆ ಶೆಟ್ಲಿ ಸಿಗಡಿಯ ಸಿಪ್ಪೆ ಸುಲಿಯುತ್ತ ಕೂತಾಗ ಹೇಳಿದೆ. ಪ್ರಗತಿಗೆ ಹುಲಿಯಾ ಮಾಮನ ವಿಷಯ ಗೊತ್ತು, ಬಟ್ಟಲು ಗೊತ್ತು. ಕರೆಯ ವಿಷಯ ಗೊತ್ತಿರಲಿಲ್ಲ. ನಾವು ಯಾರೂ ಹೇಳಿರಲಿಲ್ಲ. ಹೇಳಲು ಆ ದಂಡೆಯೇ ಈಗ ನಮಗಿಲ್ಲ, ನೌಕಾನೆಲೆಯ ಗೋಡೆಯ ಒಳಗಿದೆ.

"ದೋಣಿ ಬರೂವಾಗ ಹೇಳೂದು ಅಂದ್ಕಂಡಿದ್ದೆ ನಾನು," ಎಂದಳು.

"ಬರದೇ ಇದ್ದಾಗ ಹೇಳೂದು, ಮಗಾ."

ಕೈಯಲ್ಲಿದ್ದ ಶೆಟ್ಲಿ ಹಾಗೆಯೇ ಹಿಡಿದುಕೊಂಡು ಕೂತಳು. ಆಮೇಲೆ — "ಹೆಸ್ರು ಬದಲಾಯಿಸ್ತೆ. ಬೇರೆ ಯಾವ್ದಾದ್ರೂ ಹಾಕ್ತೆ."

"ಯಾವ್ದು ಹಾಕ್ತೀಯೆ? ಯಾವ ಹೆಸ್ರು ಹಾಕಿದ್ರೂ ಅಂವ ಯಾರದೋ ಮಗ ಅಲ್ವಾ?"

"ಹಾಡೇ ಬಿಟ್ಬಿಡ್ಲಾ?"

ಬಿಡು ಎನ್ನಬೇಕಿತ್ತು. ಮುಖ ನೋಡಿದೆ. ಇಡೀ ವರ್ಷ ಈ ಒಂದು ಹಾಡಿಗೆ ರಾತ್ರಿ ಹಗಲು ಕೂತಿದ್ದಾಳೆ. ಉಳಿದದ್ದೆಲ್ಲ ಬೇರೆಯವರು ಮಾಡಿದ ಹಾಗೇ ಅಮ್ಮ, ಇದೊಂದು ಮಾತ್ರ ನಮ್ಮದು ಎಂದು ಅವಳೇ ಹೇಳಿದ್ದಳು.

"ನೋಡುವಾ," ಎಂದೆ. ಹೇಡಿ ಮಾತು.


ಡಿಸೆಂಬರ್ ೧೩, ಶನಿವಾರ

ಒಣಮೀನಿನ ಕಟ್ಟು ಹಿಡಿದು ಅಂಕೋಲೆಗೆ ಹೋಗಿದ್ದೆ. ವ್ಯಾಪಾರ ಪರವಾಗಿಲ್ಲ. ದೇವಿದಾಸ ಬೇಲೆಕೇರಿಯಿಂದ ಡೀಸೆಲ್ ಕ್ಯಾನಿಗೆ ಬಂದವನು ಸಿಕ್ಕಿದ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿದೆವು. ಎಂದಿನಂತೆ ಕೇಳಿದ, "ಹ್ಯಾಂಗದ್ಯೆ ಆಯಿ?" ಎಂದಿನಂತೆ ಹೇಳಿದೆ, "ಬಂದ್ ನೋಡು." ಎಂದಿನಂತೆ ನಕ್ಕ. ಮಗನ ಮನೆಯಲ್ಲಿ ಇರಬೇಕಾದವಳು ನನ್ನ ಮನೆಯಲ್ಲಿ ಏಕಿದ್ದಾಳೆ ಎಂದು ಊರಿಗೆಲ್ಲ ಗೊತ್ತು. ಇವನು ಬಂದರೆ ಆಯಿ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಇವನಿಗೆ ತನ್ನ ಕೈಯಾರೆ ಒಂದು ಸೌಟು ಬಡಿಸಿದ್ದು ಆ ದಿನದ ಮೇಲೆ ನಾನು ನೋಡಿಲ್ಲ.

ಹಾಡಿನ ವಿಷಯ ಹೇಳಿದೆ. ಮುಚ್ಚಿಟ್ಟರೆ ಬೇರೆಯವರಿಂದ ಕೇಳುತ್ತಾನೆ.

ಚಹಾದ ಗ್ಲಾಸು ಕೆಳಗಿಟ್ಟ. "ಮೈಕಲ್ಲಾ?"

"ಹೂಂ."

"ಅಕ್ಕ, ಆ ಹೆಸ್ರ ಮೈಕಲ್ಲಿ ಕೂಗ್ಸಿದ್ರೆ ನಾ ನಿನ್ನ ಮನೆ ಬದಿಗೆ ಮತ್ತೆ ಮೋರೆ ಹಾಕೂದಿಲ್ಲ."

"ಪೋರಿಗೆ ಗೊತ್ತಿರಲಿಲ್ಲ, ದೇವಿದಾಸ."

"ಪೋರಿಗೆ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ನೀ ಗಂಡನ ಮನೇಲಿದ್ದೆ. ಆ ಹನ್ನೆರಡ್ ದಿವ್ಸ ನಾ ಅಲ್ಲೇ ಇದ್ದೆ, ಜಗಲಿ ಮೇಲೆ, ಕಂಬಳಿ ಹೊದ್ಕಂಡು." ಬಾಯಿ ಒರೆಸಿಕೊಂಡ. "ಆಯಿ ಅಂವನ್ನ ಕರೀತಿರ್ಲಿಲ್ಲ ಅಕ್ಕ. ನೀ ಎಂತಕ್ಕೆ ಬಂದೆ ಹೇಳಿ ನನ್ನ ಕೇಳ್ತಿದ್ಲು."

ಡೀಸೆಲ್ ಕ್ಯಾನು ಎತ್ತಿಕೊಂಡು ಹೋದ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವನ ಮಾತೇ.


ಡಿಸೆಂಬರ್ ೧೪

ಪ್ರಗತಿಗೆ ಮಾಮನ ಮಾತು ಹೇಳಿದೆ. ಅತ್ತಳು. ಸಂಜೆ ಪ್ರಾಕ್ಟೀಸಿಗೆ ಹೋಗಿ ಬಂದು ಹೇಳಿದಳು — ಹೆಸರು ತೆಗೆಯುತ್ತಾರಂತೆ. ಅದು ಬರುವ ಜಾಗದಲ್ಲಿ ಹಾಡದೆ, ಬಾರಿಸದೆ, ಸುಮ್ಮನೆ ನಿಲ್ಲುತ್ತಾರಂತೆ. ಆಮೇಲೆ "ಮನೆ ಈ ಬದಿಗೆ". ಸುಮಿತನಿಗೆ ಅದು ಇನ್ನೂ ಹೆಚ್ಚು ಹಿಡಿಸಿತಂತೆ.

ಅಷ್ಟಾದರೆ ಸಾಕು. ಹೆಸರಿಲ್ಲದ ಕರೆ ಯಾರಿಗೂ ಹೋಗಿ ಮುಟ್ಟುವುದಿಲ್ಲ. ನಾನೇ ಹೀಗೆ ತೀರ್ಮಾನ ಮಾಡಿದ್ದೇನೆ. ಸರಿಯೋ ತಪ್ಪೋ ಕೇಳೋಣವೆಂದರೆ ಕೇರಿಯ ಹಳೆಯ ಹೆಂಗಸರು ಯಾರೂ ಉಳಿದಿಲ್ಲ. ಆಯಿ ಒಬ್ಬಳೇ. ಅವಳನ್ನು ಹೇಗೆ ಕೇಳಲಿ...

ಆಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಇದಂತೂ ನಿಶ್ಚಯ.


ಡಿಸೆಂಬರ್ ೨೧

ನಿಶ್ಚಯ ಮಾಡಿದ್ದು ನಾನು. ಆಯಿಯದು ಬೇರೆಯೇ.

ಇವತ್ತು ರೋಷನ ಬಂದಿದ್ದ, ಪ್ರಗತಿಯ ವಯರಿನ ಸುರುಳಿ ಒಯ್ಯಲು. ಆಯಿ ಅಂಗಳದಲ್ಲಿ ಬಂಗಡೆ ಕಾಯುತ್ತ ಕೂತಿದ್ದಳು.

"ಏ ಪೋರಾ, ನೀನೇ ಅಲ್ವಾ ಧಡಾ ಧಡಾ ಬಡಿಯೂದು?"

"ಹೌದು ಅಜ್ಜಿ. ನಿದ್ದೆಗೆ ತೊಂದ್ರೆ ಆಗ್ತದ್ಯಾ?"

"ನಂಗೆ ಎಲ್ಲಿ ನಿದ್ದೆ. ನಿಮ್ದು ಆ ದೊಡ್ಡ ಪೆಟ್ಟಿಗೆ ಅದ್ಯಲ್ಲ, ಮಾತಾಡೂದು..."

"ಸ್ಪೀಕರಾ?"

"ಹಾಂ. ಅದು ಎಲ್ಲಿ ತನಕ ಕೇಳ್ತದೆ?"

ರೋಷನನಿಗೆ ಹುಮ್ಮಸ್ಸು. "ಐಸ್ ಫ್ಯಾಕ್ಟರಿಯಲ್ಲಿ ಇದ್ದದ್ದು ಸಣ್ಣದು ಅಜ್ಜಿ. ಉತ್ಸವಕ್ಕೆ ಹುಬ್ಬಳ್ಳಿಯಿಂದ ತರ್ತ್ರು, ಮನೆಯಷ್ಟ್ ಎತ್ತರ. ಕಡಲ ನಡುವೆ ದೇವಗಡದ ದೀಪ ಅದ್ಯಲ್ಲ, ಅಲ್ಲಿ ತನಕ ಕೇಳ್ತದೆ."

"ಅದ್ರಿಂದ ಆಚೆಗೆ?"

"ಗಾಳಿ ಇದ್ರೆ ಆಚೆಗೂ."

ಆಯಿ ತಲೆಯಾಡಿಸಿ ಕಾಗೆಗೊಂದು ಮೀನು ಎಸೆದಳು. ಅವನು ಹೋದ ಮೇಲೆ ನನಗೆ — "ನನ್ನ ಹಾಡು ಹೇಳ್ತ್ರಂತೆ. ನಾ ಬತ್ತೆ."

"ಜನ ಕಾಲ್ತುಳಿತ ಆಯಿ. ಸದ್ದಿಗೆ ಎದೆ ಒಡೀತದೆ."

"ಎದೆ ಒಡೆದು ಎಷ್ಟೋ ವರ್ಷ ಆಯ್ತು. ಸೀರೆ ತೊಳ್ದು ಹಾಕು."


ಡಿಸೆಂಬರ್ ೨೪

ಡಾಕ್ಟರರನ್ನು ಕೇಳಿದೆ. ಇವಳಿಗೆ ಹೋಗಬೇಡಿ ಎನ್ನಲಿ ಎಂದೇ ಕೇಳಿದೆ. ಅವರು ನಕ್ಕು, "ನನ್ನ ತಾಯಿಯನ್ನೂ ಕರ್ಕಂಡ್ ಬತ್ತೆ, ಕಿವಿಗೆ ಹತ್ತಿ ಇಡಿ ಸಾಕು," ಎಂದರು. ಯಾರ ಮೇಲೆ ನಂಬಿಕೆ ಇಡಬೇಕೋ ಅವರೇ ಹೀಗೆ.

ಆಯಿಗೆ ಮರೆತು ಹೋಗಬಹುದು ಎಂದು ಕಾದೆ. ಬೆಳಿಗ್ಗೆ ತಾನು ಮಿಂದದ್ದು ಮರೆತು ಮತ್ತೆ ಮಿಂದಳು. ಆದರೆ ಸಂಜೆ ಕೇಳಿದ್ದು, "ಶನಿವಾರಕ್ಕೆ ಇನ್ನೆಷ್ಟ್ ದಿವ್ಸ?"

ದೇವಿದಾಸನಿಗೆ ಫೋನ್ ಮಾಡಿ ಹೆಸರು ತೆಗೆದಿದ್ದಾರೆ ಎಂದು ಹೇಳಿದೆ. ಆ ಕಡೆ ದೋಣಿಯ ಇಂಜಿನ್ ಓಡುತ್ತಿತ್ತು. ಅವನು ಕೇಳಿದ್ದು, "ಆಯಿ ಹೋತದ್ಯಾ?" ಹೌದೆಂದೆ. ಇಟ್ಟುಬಿಟ್ಟ.


ಡಿಸೆಂಬರ್ ೨೭, ಮಧ್ಯಾಹ್ನ

ಆಯಿ ಹಸಿರು ಸೀರೆ ಉಟ್ಟು ಹತ್ತು ಗಂಟೆಯಿಂದಲೇ ಬಾಗಿಲಲ್ಲಿ ಕೂತಿದ್ದಾಳೆ. ಅಬ್ಬಲಿಗೆ ಹೂವಿನ ದಂಡೆ ಬೇಕೆಂದಳು. ಪಕ್ಕದ ಮನೆ ಸಂಧ್ಯಾ ತಂದು ಮುಡಿಸಿದಳು. ಅವಳು ಉಣ್ಣುವುದು ದೀಪ ಹಚ್ಚುವ ಹೊತ್ತಿಗೆ. ತಪ್ಪಿದರೆ ತಲೆ ತಿರುಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಗಂಜಿ ತುಂಬಿದೆ, ಮೇಲೊಂದು ಉಪ್ಪಿನಕಾಯಿ ಚೂರು. ಹತ್ತಿ. ನೀರು. ಶಾಲು.

"ಅಂವಂದು ಬಟ್ಟಲು?" ಎಂದು ನಾನೇ ಕೇಳಿದೆ. ಸಂಜೆ ಮನೆಯಲ್ಲಿ ಇರುವುದಿಲ್ಲವಲ್ಲ, ಈಗಲೇ ಬಡಿಸಿಡುತ್ತಾಳೋ ಎಂದು.

"ಇವತ್ತು ಬೇಡ," ಎಂದಳು.

ಬೇಡ ಎಂದಳು. ಇದು ನನಗೆ ಸರಿ ಕಾಣುತ್ತಿಲ್ಲ...


ಡಿಸೆಂಬರ್ ೨೮, ಭಾನುವಾರ

ಪ್ರಗತಿ ಇನ್ನೂ ಎದ್ದಿಲ್ಲ. ಆಯಿ ಮಲಗಿದ್ದಾಳೆ. ಮರೆಯುವ ಮೊದಲು ಬರೆಯಬೇಕು. ಮರೆಯುವುದಿಲ್ಲ, ಆದರೂ.

ರೋಷನ ನಮ್ಮಿಬ್ಬರಿಗೆ ಎದುರು ಸಾಲಿನಲ್ಲಿ, ಕಬ್ಬಿಣದ ಬೇಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದ. ಸ್ಟೇಜಿನ ಬೆನ್ನಿಗೆ ಕಡಲು. ಕೂತವರೆಲ್ಲ ಸ್ಟೇಜಿನ ಕಡೆ ನೋಡಿದರೆ ಕಡಲಿನ ಕಡೆಯೇ ನೋಡಿದ ಹಾಗೆ. ಮೊದಲು ಬೇರೆ ಯಾರದೋ ಬ್ಯಾಂಡು. ಶುರುವಾದದ್ದೇ ತಡ, ನನ್ನ ಹೊಟ್ಟೆಯೊಳಗೆ ಟ್ರಾಲರಿನ ಇಂಜಿನ್ ಇಟ್ಟಂತಾಯಿತು. ಕಾಲಡಿ ಮರಳು ನಡುಗುತ್ತಿತ್ತು. ಹಿಂದೆ ಹುಡುಗರು ಹುಡುಗಿಯರು ಕುಣಿದದ್ದು ಹೇಗೆಂದರೆ, ದಡಕ್ಕೆ ಎಳೆದ ಬಲೆಯಲ್ಲಿ ಬಂಗಡೆ ಹಾರಿದ ಹಾಗೆ. ಆಯಿಯ ಕಿವಿಗೆ ಹತ್ತಿ ಇಟ್ಟೆ. ತೆಗೆದು ಮಡಿಲಿಗೆ ಹಾಕಿಕೊಂಡಳು.

"ಹೊಗೆ ಎಂತಕ್ಕೆ ಬಿಡ್ತ್ರು? ಸೊಳ್ಳೆಗಾ?"

"ಚಂದಕ್ಕೆ ಆಯಿ."

"ಚಂದವಾ ಇದು?" ಕೆಮ್ಮಿದಳು. ಆದರೆ ಕಣ್ಣು ಹೊಳೆಯುತ್ತಿತ್ತು. ನನಗೂ, ಸುಳ್ಳೇಕೆ, ಒಂದು ಹಂತದಲ್ಲಿ ಕಾಲು ತಾನಾಗಿ ತಾಳ ಹಾಕಿತು.

ಆಮೇಲೆ ನಮ್ಮ ಪೋರಿ ಬಂದಳು. ಕಪ್ಪು ಅಂಗಿ. ಮನೆಯಲ್ಲಿ ತಲೆ ಬಾಚಲು ಬೇಸರಪಡುವವಳು ಅಷ್ಟು ಬೆಳಕಿನಲ್ಲಿ ನೆಟ್ಟಗೆ ನಿಂತಳು. ನಾಲ್ಕೈದು ಹಾಡು ಹಾಡಿದಳು. ಜನ ಸಿಳ್ಳೆ ಹಾಕಿದರು. ಇವಳು ನನ್ನ ಮಗಳು ಎಂದು ಪಕ್ಕದವಳಿಗೆ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ.

ಕೊನೆಗೆ ಬೆಳಕು ತಗ್ಗಿತು. ಅಲೆಯ ಸದ್ದು, ಗಿಟಾರು. ನಾನು ಆಯಿಯ ಕೈ ಹಿಡಿದೆ. ತಣ್ಣಗಿತ್ತು.

ಓ... ಎಂದು ಎಳೆದು ಪ್ರಗತಿ ನಿಲ್ಲಿಸಿದಳು. ಎಲ್ಲ ಸದ್ದೂ ನಿಂತಿತು. ಹೆಸರಿನ ಜಾಗ ಖಾಲಿ. ಮತ್ತೆ, ಮನೆ ಈ ಬದಿಗೆ. ಡ್ರಮ್ಮು ಬಿತ್ತು. ಮಾತು ಉಳಿಸಿಕೊಂಡಿದ್ದಳು.

ಆಯಿ ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ.

ಎರಡನೇ ಸಲ. ಓ... ಖಾಲಿ. ದೀಪ ಈ ಬದಿಗೆ. ಆಯಿ ಕೈ ಬಿಡಿಸಿಕೊಂಡಳು. ಬೇಲಿಯ ಕಬ್ಬಿಣ ಹಿಡಿದು ಎದ್ದು ನಿಂತಳು.

ಮೂರನೇ ಸಲ ಆ ಖಾಲಿ ಜಾಗ ಬಂದಾಗ ಆಯಿ ಕೂಗಿದಳು.

"ಹುಲಿಯಾ..."

ಮನೆಯಲ್ಲಿ ನೀರು ಕೇಳುವ ಸ್ವರವಲ್ಲ ಅದು. ಅಮದಳ್ಳಿ ದಂಡೆಯ ಸ್ವರ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದಳೋ. ಅಕ್ಕಪಕ್ಕದ ಹುಡುಗರು ತಿರುಗಿ ನೋಡಿದರು. ಇದೂ ಹಾಡಿನ ಭಾಗವೇ ಎಂದುಕೊಂಡರು ಪಾಪ, ಅಜ್ಜಿಯನ್ನು ಮೊದಲೇ ಕೂರಿಸಿಟ್ಟಿದ್ದಾರೆ ಎಂದುಕೊಂಡರು. ಮುಂದಿನ ಸಲ ಓ... ಬಂದಾಗ ಅವರೂ ಕೂಗಿದರು. ಅದರ ಮುಂದಿನ ಸಲ ಹಿಂದಿನ ಸಾಲಿನವರು. ಆಮೇಲೆ ಇಡೀ ಬೀಚು.

ಹುಲಿಯಾ.

ಪ್ರಗತಿ ಮೈಕಿನಿಂದ ಹಿಂದೆ ಸರಿದಳು. ಬಾಯಿ ತೆರೆದೇ ಇತ್ತು. ಸುಮಿತ ಅವಳನ್ನು ನೋಡಿದ. ರೋಷನನಿಗೆ ಏನು ಮಾಡಬೇಕೆಂದು ತೋಚಲಿಲ್ಲ, ಬಾರಿಸುತ್ತಲೇ ಇದ್ದ. ಅವಳು ಹಾಡದಿದ್ದರೂ ಜನ ಬಿಡಲಿಲ್ಲ. ಪ್ರತಿ ಸುತ್ತಿಗೂ ನನ್ನ ತಮ್ಮನ ಹೆಸರು ನಮ್ಮ ತಲೆಯ ಮೇಲಿಂದ ಕಡಲಿಗೆ ಹೋಯಿತು. ಯಾರೆಂದೇ ಗೊತ್ತಿಲ್ಲದವರು ಕರೆದರು, ನಗುತ್ತ ಕರೆದರು, ಫೋನಿನ ದೀಪ ಎತ್ತಿ ಕರೆದರು. ಆಯಿಯ ಕಿವಿ ಮುಚ್ಚಬೇಕೆಂದುಕೊಂಡು ನನ್ನ ಕಿವಿ ಮುಚ್ಚಿಕೊಂಡೆ.

ಆಯಿ ಸ್ಟೇಜನ್ನು ನೋಡುತ್ತಿರಲಿಲ್ಲ. ಸ್ಟೇಜಿನ ಪಕ್ಕದ ಕತ್ತಲನ್ನು ನೋಡುತ್ತಿದ್ದಳು, ಅಲ್ಲಿ ನೀರಿತ್ತು. ಕತ್ತು ಮುಂದೆ ಮಾಡಿ, ಕಣ್ಣು ಕಿರಿದು ಮಾಡಿ. ದೋಣಿ ಬರುವಾಗ ನೋಡುತ್ತಾರಲ್ಲ, ಹಾಗೆ. ಬಹಳ ಹೊತ್ತು.

ಆಮೇಲೆ ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು. "ಇಷ್ಟ್ ಜನ ಕರದ್ರೂ ಬರ್ಲಿಲ್ಲ ಕಾಶಿ."

"ಕೂತ್ಕೋ ಆಯಿ."

"ನನ್ನ ಒಬ್ಳ ಸ್ವರ ಸಾಕಾಗೂದಿಲ್ಲ, ಅಂವಂಗೆ ಕೇಳೂದಿಲ್ಲ ಅಂದ್ಕಂಡಿದ್ದೆ. ಇಷ್ಟ್ ವರ್ಷ." ಕಡಲ ಕಡೆ ಇನ್ನೊಮ್ಮೆ ನೋಡಿದಳು. "ಇದು ಕೇಳದೆ ಇರೂಕಿಲ್ಲ. ಇದು ಕೇಳಿಯೂ ಬರ್ಲಿಲ್ಲ ಅಂದ್ರೆ ಅಂವ ಇಲ್ಲ. ಗಂಜಿ ಕೊಡು."

ಕೊಡಬಾರದೆಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಅವಳೇ ತೆಗೆದುಕೊಂಡಳು. ಕಡಲಿಗೆ ಬೆನ್ನು ಹಾಕಿ ನಿಂತಳು, ಅಂದರೆ ಸ್ಟೇಜಿಗೆ ಬೆನ್ನು, ಮೊಮ್ಮಗಳಿಗೆ ಬೆನ್ನು. ಎದುರಿಗೆ ಅಷ್ಟೂ ಜನರ ಮುಖ. ಗಂಜಿ ಮರಳಿಗೆ ಸುರಿದಳು. ಉಪ್ಪಿನಕಾಯಿ ಚೂರೂ ಬಿತ್ತು.

"ಗಂಜಿ ಉಣ್ಣು. ನಿನ್ನ ಮನೆ ಇನ್ನು ಆ ಬದಿಗೆ."

ನನಗೆ ಮಾತ್ರ ಕೇಳಿಸಿತು. ನನಗೂ ಕೇಳಿಸಿದ್ದೋ, ತುಟಿ ನೋಡಿ ತಿಳಿದದ್ದೋ.

ತಿರುಗಿ ನೋಡದೆ ನಡೆದಳು. ಹುಷಾರಿಲ್ಲದವಳೆಂದು ಜನ ದಾರಿ ಬಿಟ್ಟರು. ಹಿಂದೆ ಹೆಸರು ಇನ್ನೂ ಕೂಗುತ್ತಲೇ ಇದ್ದರು. ಕುಲ್ಫಿ ಗಾಡಿಯ ಹತ್ತಿರ ಒಬ್ಬ ಗಂಡಸು ಎರಡೂ ಕೈಯಲ್ಲಿ ತಲೆ ಹಿಡಿದು ಮರಳಲ್ಲಿ ಕೂತಿದ್ದ. ದೇವಿದಾಸ. ಯಾವಾಗ ಬಂದನೋ.

ಆಯಿ ಅವನ ಮುಂದೆ ನಿಂತಳು. ಬಗ್ಗಿ ಮುಖ ನೋಡಿದಳು. ತಲೆಗೂದಲಿನ ಮರಳು ಕೊಡವಿದಳು.

"ನೀ ಬಂದ್ಯಾ," ಎಂದಳು.

ಅವನು ಅವಳ ಸೀರೆಯ ನೆರಿಗೆಗೆ ಮುಖ ಒತ್ತಿಕೊಂಡ. ಅರವತ್ತರ ಹತ್ತಿರದ ಗಂಡಸು. "ಉಂಡ್ಯಾ?" ಎಂದು ಕೇಳಿದಳು. ಇಲ್ಲವೆಂದು ತಲೆ ಅಲ್ಲಾಡಿಸಿದ. ಡಬ್ಬಿ ಖಾಲಿ.


ಡಿಸೆಂಬರ್ ೩೧

ನಾಲ್ಕು ಸಂಜೆಯಾಯಿತು, ಆಯಿ ಒಂದೇ ಬಟ್ಟಲು ಬಡಿಸಿಕೊಳ್ಳುತ್ತಾಳೆ. ಬೆಕ್ಕು ಬೆಳಿಗ್ಗೆ ಬಂದು ನನ್ನ ಮುಖ ನೋಡುತ್ತದೆ.

ದೇವಿದಾಸ ನಿನ್ನೆ ಬಂದಿದ್ದ, ಇಸ್ವಾಣ ಮೀನಿನ ದೊಡ್ಡ ತುಂಡು ಹಿಡಿದು. ಆಯಿ ಗೋಡೆಗೆ ತಿರುಗಲಿಲ್ಲ. ಬಡಿಸಿದಳು. ಅನ್ನ ಚೆಲ್ಲಿ, ಸಾರು ಚೆಲ್ಲಿ, ಆದರೂ ತಾನೇ. ಅವನು ಮೂರು ಸಲ ಹಾಕಿಸಿಕೊಂಡ. ಹೋಗುವಾಗ ಬಾಗಿಲಲ್ಲಿ ನನಗೆ, "ಅಕ್ಕ, ನಂಗೆ ಹೆದರಿಕೆ ಆಗ್ತದೆ," ಎಂದ. ಏಕೆಂದು ನಾನು ಕೇಳಲಿಲ್ಲ. ನನಗೂ ಆಗುತ್ತಿದೆ, ಕಾಯುವುದೇ ಮುಗಿದವಳು ಇನ್ನೆಷ್ಟು ದಿನವೋ ಎಂದು.

ಪ್ರಗತಿ ಸರಿಯಾಗಿ ಉಣ್ಣುತ್ತಿಲ್ಲ. "ಅಜ್ಜಿ ನಂಗೆ ಬೆನ್ನ್ ಹಾಕಿ ಹೋದ್ಲು ಅಮ್ಮ. ಅಷ್ಟ್ ಜನರ ಎದುರು." ಬೆನ್ನು ನಿನಗಲ್ಲ ಮಗಾ, ಕಡಲಿಗೆ ಎಂದು ಹೇಳಿದೆ. ಹೌದೆಂದಳು. ಅರ್ಥ ಆಗಿದೆ. ಆದರೂ ನೋವು ಹೋಗಿಲ್ಲ.


ಜನವರಿ ೬

ಯಾರೋ ಅದನ್ನು ವಿಡಿಯೋ ಮಾಡಿದ್ದಾರೆ. ಆಯಿ ಕೂಗುವುದು, ಜನ ಕೂಗುವುದು. ರೀಲ್ಸಿನಲ್ಲಿ ಲಕ್ಷಗಟ್ಟಲೆ ನೋಡಿದ್ದಾರಂತೆ. ಇವತ್ತು ಅಂಕೋಲೆ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಒಂದು ಫೋನು — ಹುಲಿಯಾ. ಇಳಿದರೆ ಜ್ಯೂಸ್ ಅಂಗಡಿಯಲ್ಲಿ — ಹುಲಿಯಾ. ಮಕ್ಕಳು ಕ್ರಿಕೆಟ್ ಆಡುತ್ತ ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ.

ಮುಗಿಸಿದ ಮೇಲೆ ಕೂಗಬಾರದು. ಯಾರಿಗೆ ಹೇಳಲಿ? ಎಷ್ಟು ಜನರಿಗೆ?

ಸುಮಿತ ಬಂದಿದ್ದ. ಗೋವಾ ಕಡೆಯಿಂದ, ಬೆಳಗಾವಿಯಿಂದ ಕರೆ ಬಂದಿದೆಯಂತೆ. ಆ ಹಾಡೇ ಬೇಕಂತೆ. ಪ್ರಗತಿ ಹಾಡುವುದಿಲ್ಲ ಎಂದಳು.

"ನಾವು ಹೆಸ್ರು ಹೇಳೂದು ಬೇಡ ಪ್ರಗತಿ. ಹಾಂಗೇ ಖಾಲಿ ಬಿಡುವಾ."

"ಖಾಲಿ ಬಿಟ್ರೆ ಜನ ತುಂಬ್ತ್ರು. ನೋಡ್ಲಿಲ್ವಾ ನೀನು?"

ಅವನು ನನ್ನ ಕಡೆ ನೋಡಿದ. ನಾನು ಚಹಾ ತರಲು ಎದ್ದೆ. ಚಪ್ಪಲಿ ಹಾಕಿಕೊಂಡು ಹೋಗುವಾಗ "ತಪ್ಪಾಯ್ತು ಕಾಕಿ" ಎಂದ. ಅವನದೇನು ತಪ್ಪು. ಖಾಲಿ ಬಿಡಲು ಕಾರಣ ನಾನು.


ಜನವರಿ ೧೧

ಆಯಿ ಬಹಳ ನಿದ್ದೆ ಮಾಡುತ್ತಾಳೆ. ಕಾಗೆಗಳು ಬಂಗಡೆ ಎತ್ತಿಕೊಂಡು ಹೋದರೂ ಗೊತ್ತಾಗುವುದಿಲ್ಲ. ಮುಖ ಮಾತ್ರ ಹಗುರ. ಸಂಧ್ಯಾ ನೋಡಿ, "ಅಜ್ಜಿ ಸಣ್ಣ ಪೋರಿ ಹಾಂಗೆ ಕಾಣ್ತದೆ" ಎಂದಳು.

ಪ್ರಗತಿ ಹತ್ತಿರ ಕೂತು ಕಾಲು ಒತ್ತುತ್ತಿದ್ದಳು. ಆಯಿ ಅವಳ ಗಲ್ಲ ಹಿಡಿದು, "ಚೆಂದ ಹಾಡ್ದೆ ಮಗಾ. ಹೊಗೆ ಮಾತ್ರ ಬೇಡ," ಎಂದಳು. ಪ್ರಗತಿ ನಕ್ಕಳು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಟ್ಟಲು ತೊಳೆದು ಅಟ್ಟದ ಮೇಲೆ ಇಟ್ಟೆ. ಆಮೇಲೆ ಇಳಿಸಿ ಕೆಳಗಿನ ಕಪಾಟಿನಲ್ಲಿ ಇಟ್ಟೆ. ಕೈಗೆ ಸಿಗುವ ಹಾಗೆ. ಏಕೆ ಎಂದು ಕೇಳಿದರೆ ಗೊತ್ತಿಲ್ಲ.


ಜನವರಿ ೧೯, ಸೋಮವಾರ, ದೀಪ ಹಚ್ಚಿದ ಮೇಲೆ

ಆಯಿ ಎದ್ದು ಕೂತಿದ್ದಳು, ಇವತ್ತು ಸ್ವಲ್ಪ ಗ್ಯಾನ. ಗಂಜಿ ಕೊಟ್ಟೆ. ಅರ್ಧ ಉಂಡಳು. ರಸ್ತೆಯಲ್ಲಿ ಸ್ಕೂಟರಿನಲ್ಲಿ ಯಾರೋ ಫೋನು ಜೋರಾಗಿ ಹಾಕಿಕೊಂಡು ಹೋದರು. ಅದೇ. ಅಷ್ಟೂ ಜನರ ಸ್ವರ.

ಆಯಿ ಚಮಚ ಕೆಳಗಿಟ್ಟಳು. ಕಿವಿಗೊಟ್ಟಳು.

"ಯಾರೋ ಕರೀತ್ರು, ಕಾಶಿ."

"ಏನಿಲ್ಲ ಆಯಿ. ಫೋನು."

"ಅಲ್ಲ. ಹೆಸ್ರು ಹಿಡ್ದು ಕರೀತ್ರು." ಸದ್ದು ಕೋಡಿಬಾಗದ ತಿರುವಿನಲ್ಲಿ ಕರಗುವವರೆಗೆ ಕೇಳಿದಳು. ಆಮೇಲೆ ಬಟ್ಟಲು ನನ್ನ ಕಡೆ ನೂಕಿದಳು. "ಯಾರ ಮಗ್ನೋ ಪಾಪ. ಇನ್ನೂ ಬಂದಿಲ್ಲ ಕಾಣ್ತದೆ. ಆ ತಾಯಿ ಒಬ್ಳೇ ನಿಂತಿರ್ತದೆ. ದೀಪ ಹಿಡ್ಕಂಡ್ ಹೋಗು ನೀನು, ಜೊತೆಗೆ ನಿಲ್ಲು."

ಅವಳ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ. ಅದರಲ್ಲಿ ಎಲ್ಲಿಯೂ ಇಲ್ಲ ಹುಲಿಯಾ.

"ಯಾರ ಮಗ ಆಯಿ?" ಎಂದು ಕೇಳಿದೆ.

"ನಂಗೆ ಎಂತ ಗೊತ್ತು? ಹೋಗ್ ನೋಡು."

ಎದ್ದೆ. ಟಾರ್ಚ್ ತೆಗೆದುಕೊಂಡೆ. ಕಪಾಟಿನಿಂದ ಆ ಬಟ್ಟಲೂ ಕೈಗೆ ಬಂತು. ಅವಳು ಉಳಿಸಿದ ಗಂಜಿ ಅದಕ್ಕೆ ಹಾಕಿಕೊಂಡೆ. ರಸ್ತೆ ದಾಟಿದರೆ ನೀರು. ಯಾರೂ ಇರಲಿಲ್ಲ. ದೂರದಲ್ಲಿ ದೇವಗಡದ ದೀಪ ತಿರುಗುತ್ತಿತ್ತು. ಹೆತ್ತವಳಲ್ಲ ನಾನು, ಕರೆಯುವ ಹಕ್ಕಿಲ್ಲ. ಅದೂ ಮುಗಿಸಿದ ಮೇಲೆ. ಗೊತ್ತು. ಆದರೆ ಆ ಹೆಸರಿನ ಮುಖ ಗೊತ್ತಿರುವವಳು ಈ ಮನೆಯಲ್ಲಿ ಇನ್ನು ನಾನೊಬ್ಬಳೇ. ಬಟ್ಟಲು ತಣ್ಣಗಾಗುತ್ತಿತ್ತು. ಬಾಯಿ ತೆರೆದೆ, ಓ...